ಸ್ಟಾರ್ಟ್‌ಅಪ್ ಕೋಡ್

ವೆಬ್ ತಂತ್ರಾಂಶವೊಂದು ಚಾಲೂ ಆಗುವಾಗ, ಬಳಕೆದಾರರ ಕೋರಿಕೆಗಳಿಗೆ ಉತ್ತರ ಕೊಡಲು ತೊಡಗುವ ಮುನ್ನ, ಒಂದು ಸಲ ನಡೆಯಲೆಂದು ಬರೆದಿಟ್ಟ ಕೋಡಿಗೆ ಈ ಹೆಸರು. ಸೆಟ್ಟಿಂಗ್ಸ್ ಓದುವುದು, ಡೇಟಾಬೇಸಿಗೆ ಸಂಪರ್ಕ ತೆರೆದಿಡುವುದು, ಪದೇಪದೇ ಬೇಕಾಗುವ ಪಟ್ಟಿಗಳನ್ನು ಮೆಮೊರಿಗೆ ತಂದುಕೊಳ್ಳುವುದು, ಹಿನ್ನೆಲೆಯಲ್ಲಿ ಓಡುವ ಟೈಮರ್‌ಗಳನ್ನು ಎಬ್ಬಿಸುವುದು, ಹೊಸದಾಗಿ ಅಳವಡಿಸಿದ್ದಾದರೆ ಮೊದಲ ಅಡ್ಮಿನ್ ಖಾತೆ ತೆರೆಯುವುದು ಇದರ ಸಾಮಾನ್ಯ ಕೆಲಸಗಳು. ಜಾಂಗೋ, ರೈಲ್ಸ್, ಸ್ಪ್ರಿಂಗ್, ಲಾರಾವೆಲ್, ಎಎಸ್‌ಪಿ ಡಾಟ್ ನೆಟ್ ಹೀಗೆ ಹೆಸರಾದ ಫ್ರೇಮ್‌ವರ್ಕ್‌ಗಳೆಲ್ಲ ಇದಕ್ಕೆಂದು ಒಂದು ಜಾಗ ಮಾಡಿಕೊಟ್ಟಿವೆ. ಅಲ್ಲಿ ಬರೆದದ್ದು ನಿಜಕ್ಕೂ ಒಂದೇ ಸಲ ನಡೆಯುತ್ತದೆಯೇ ಎಂಬುದು ಬೇರೆ ಮಾತು. ಫ್ರೇಮ್‌ವರ್ಕ್ ಕೊಡುವ ಭರವಸೆ ಹೆಚ್ಚೆಂದರೆ ಪ್ರೋಸೆಸ್‌ಗೊಂದು ಸಲ ಎಂಬುದು. ಬರೆಯುವವರು ಮನಸ್ಸಿನಲ್ಲಿಟ್ಟುಕೊಂಡಿರುವುದು ಇಡೀ ವ್ಯವಸ್ಥೆಗೆ ಒಂದು ಸಲ, ಇಲ್ಲವೇ ದಿನಕ್ಕೊಂದು ಸಲ. ಈ ವಿಷಯದಲ್ಲಿ ಹುಟ್ಟುವ ತೊಂದರೆಗಳಲ್ಲಿ ಹೆಚ್ಚಿನವು ಈ ಅಂತರದಿಂದಲೇ ಹುಟ್ಟುತ್ತವೆ.

ಕೆಳಗಿನ ಉದಾಹರಣೆಗಳಿಗೆ ರಾಮನಗರದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಯ ವ್ಯವಹಾರವನ್ನು ಆರಿಸಿಕೊಂಡಿದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಇದು. ಕರ್ನಾಟಕದಲ್ಲಿ ಗೂಡಿನ ವ್ಯಾಪಾರವನ್ನು 1959ರ ಕಾಯ್ದೆಯೊಂದು ನಿಯಂತ್ರಿಸುತ್ತದೆ. ಸರ್ಕಾರಿ ಮಾರುಕಟ್ಟೆ, ಗೂಡಿನಿಂದ ನೂಲು ತೆಗೆಯಲು ಪರವಾನಗಿ ಪಡೆದ ರೀಲರ್, ಬಹಿರಂಗ ಹರಾಜು ಇವು ಅದರ ಕಂಬಗಳು. ಕನಕಪುರ, ಚನ್ನಪಟ್ಟಣ, ಮಾಗಡಿಯ ಹಳ್ಳಿಗಳಿಂದಲ್ಲದೆ ದೂರದ ಜಿಲ್ಲೆಗಳಿಂದಲೂ ರೈತರು ಇಲ್ಲಿಗೆ ಗೂಡು ತರುತ್ತಾರೆ. ಬಂದ ಮಾಲಿಗೆ ಲಾಟ್ ನಂಬರ್ ಬೀಳುತ್ತದೆ, ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡಿ ಬೆಲೆ ಕಟ್ಟುತ್ತಾರೆ. ಹಿಂದೆ ಕೂಗಿ ಹೇಳುತ್ತಿದ್ದ ಬೆಲೆ ಇ-ಹರಾಜು ಬಂದ ಮೇಲೆ ಮೊಬೈಲಿನಿಂದ ಹೋಗುತ್ತದೆ. ಗೂಡು ಕಾಯುವ ಸರಕಲ್ಲ. ಒಳಗಿನ ಕೋಶ ಪತಂಗವಾಗಿ ಗೂಡು ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ, ಆಮೇಲೆ ನೂಲು ತೆಗೆಯಲಾಗದು. ಬೆಳಿಗ್ಗೆ ಸರ್ವರ್ ಏಳದಿದ್ದರೆ ರೈತನಿಗೆ ‘ನಾಳೆ ಬಾರಪ್ಪ’ ಎನ್ನುವಂತಿಲ್ಲ. ಸ್ಟಾರ್ಟ್‌ಅಪ್ ಕೋಡಿನ ಎಲ್ಲ ಬಿಕ್ಕಟ್ಟುಗಳೂ ಇಂಥ ಕಡೆ ಎದ್ದು ಕಾಣುತ್ತವೆ. ಆದರೆ ಇಲ್ಲಿ ವಿವರಿಸುವ ತಂತ್ರಾಂಶ ಕಲ್ಪಿತ. ಮಾರುಕಟ್ಟೆಯಲ್ಲಿ ಈಗ ಬಳಕೆಯಲ್ಲಿರುವುದರ ವರ್ಣನೆಯಲ್ಲ.

ಹಿನ್ನೆಲೆ

1993ರ ಸುಮಾರಿಗೆ ಬಂದ ಸಿಜಿಐ ಪದ್ಧತಿಯಲ್ಲಿ ಒಂದು ಸಲವೋ ಹಲವು ಸಲವೋ ಎಂಬ ಪ್ರಶ್ನೆಯೇ ಇರಲಿಲ್ಲ. ಪ್ರತಿ ಕೋರಿಕೆಗೂ ಹೊಸ ಪ್ರೋಸೆಸ್ ಹುಟ್ಟಿ, ಉತ್ತರ ಕೊಟ್ಟು, ಸಾಯುತ್ತಿತ್ತು. ಎಲ್ಲ ಕೋಡೂ ಸ್ಟಾರ್ಟ್‌ಅಪ್ ಕೋಡೇ. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಹೊರತಂದ ಪಿಎಚ್‌ಪಿ ಈ ಗುಣವನ್ನು ಬಹುಕಾಲ ಉಳಿಸಿಕೊಂಡಿತು: ಒಂದು ಕೋರಿಕೆಯಲ್ಲಿ ಹುಟ್ಟಿದ ವೇರಿಯಬಲ್ ಇನ್ನೊಂದಕ್ಕೆ ದಾಟುವುದಿಲ್ಲ. ನಿಧಾನವೆಂಬ ಹೆಸರು ಬಂದರೂ ಇದರಿಂದಾದ ಉಪಕಾರ ಸಣ್ಣದಲ್ಲ. ಹಳಸಿದ ಮಾಹಿತಿ ಮೆಮೊರಿಯಲ್ಲಿ ಕೂತು ಕಾಡುವ ರೋಗ ಪಿಎಚ್‌ಪಿ ಬರೆಯುವವರಿಗೆ ಅಷ್ಟಾಗಿ ತಟ್ಟಲಿಲ್ಲ. 2019ರ 7.4 ಆವೃತ್ತಿಯಲ್ಲಿ ಪ್ರೀಲೋಡಿಂಗ್ ಬಂತು, 2021ರಲ್ಲಿ ಲಾರಾವೆಲ್ ಆಕ್ಟೇನ್ ಬಂತು. ಆಕ್ಟೇನ್ ಅಡಿಯಲ್ಲಿ ತಂತ್ರಾಂಶ ಒಮ್ಮೆ ಎದ್ದು ಮೆಮೊರಿಯಲ್ಲೇ ಉಳಿಯುವುದರಿಂದ, ಉಳಿದವರ ತಲೆನೋವು ಪಿಎಚ್‌ಪಿಗೂ ಬಂತು.

ಜಾವಾ ಲೋಕದಲ್ಲಿ ಮೊದಲಿನಿಂದಲೂ ಪ್ರೋಸೆಸ್ ದೀರ್ಘಾಯು. ಸರ್ವ್‌ಲೆಟ್‌ಗೆ ಇನಿಟ್ ಎಂಬ ಫಂಕ್ಷನ್ ಇತ್ತು. ಇಡೀ ತಂತ್ರಾಂಶ ಎದ್ದಾಗ ಕರೆ ಬರುವಂತೆ ಸರ್ವ್‌ಲೆಟ್ ಕಾಂಟೆಕ್ಸ್ಟ್ ಲಿಸನರ್ ಬಂದದ್ದು 2001ರ 2.3 ಆವೃತ್ತಿಯಲ್ಲಿ. ಇಂದಿನ ಫ್ರೇಮ್‌ವರ್ಕ್‌ಗಳಲ್ಲಿ ಕಾಣುವ ಸ್ಟಾರ್ಟ್‌ಅಪ್ ಹುಕ್‌ಗಳು ಬಹುಮಟ್ಟಿಗೆ ಈ ಮಾದರಿಯವೇ.

ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಗ್ಲೋಬಲ್ ಎಎಸ್‌ಎಎಕ್ಸ್ ಕಡತದ ಅಪ್ಲಿಕೇಶನ್ ಸ್ಟಾರ್ಟ್ ಎಂಬ ಜಾಗ ಇದಕ್ಕೆ ಮೀಸಲಾಗಿತ್ತು. ಅದರ ಸ್ವಭಾವ ತಿಳಿದುಕೊಳ್ಳುವಂಥದ್ದು. ಐಐಎಸ್ ಸರ್ವರ್ ಮಾಮೂಲಿ ಸೆಟ್ಟಿಂಗ್‌ನಲ್ಲಿದ್ದರೆ ಮೊದಲ ಕೋರಿಕೆ ಬರುವವರೆಗೂ ತಂತ್ರಾಂಶ ಏಳುವುದಿಲ್ಲ. 20 ನಿಮಿಷ ಯಾರೂ ಬಾರದಿದ್ದರೆ ಮತ್ತೆ ಮಲಗುತ್ತದೆ. ಕೆಲಸವಿದ್ದರೂ 1740 ನಿಮಿಷಕ್ಕೊಮ್ಮೆ, ಅಂದರೆ 29 ಗಂಟೆಗೊಮ್ಮೆ, ತಾನಾಗಿ ಪ್ರೋಸೆಸ್ ಬದಲಿಸುತ್ತದೆ. 29 ಎಂಬುದು 24ಕ್ಕೆ ಹೊಂದದ ಸಂಖ್ಯೆಯಾದ್ದರಿಂದ ಈ ಬದಲಾವಣೆ ದಿನದಿನಕ್ಕೆ ಐದು ಗಂಟೆ ಮುಂದೆ ಸರಿಯುತ್ತದೆ. ಸೋಮವಾರ ನಡುರಾತ್ರಿ ಒಂದಕ್ಕೆ ಆದದ್ದು ಮಂಗಳವಾರ ಬೆಳಿಗ್ಗೆ ಆರಕ್ಕೆ, ಬುಧವಾರ ಹನ್ನೊಂದಕ್ಕೆ. ಬುಧವಾರ ಹನ್ನೊಂದು ಗಂಟೆಗೆ ಹರಾಜು ನಡೆಯುತ್ತಿದ್ದರೆ ‘ಸ್ಟಾರ್ಟ್‌ಅಪ್’ ಆಗುವುದು ಹರಾಜಿನ ನಟ್ಟನಡುವೆ. ಅದೂ ಹಳೆಯ ಪ್ರೋಸೆಸ್ ಕೈಯಲ್ಲಿರುವ ಕೆಲಸ ಮುಗಿಸುವವರೆಗೆ ಹೊಸದು ಜತೆಯಲ್ಲೇ ಓಡುತ್ತದೆ, ಅಷ್ಟು ಹೊತ್ತು ಎರಡೆರಡು.

ಲಾಟ್ ನಂಬರಿನ ಪ್ರಸಂಗ

ದಿನ ಬೆಳಿಗ್ಗೆ ಲಾಟ್ ನಂಬರ್ ಒಂದರಿಂದ ಶುರುವಾಗಬೇಕು ಎಂದುಕೊಳ್ಳೋಣ. ಸರ್ವರನ್ನು ಬೆಳಿಗ್ಗೆ ಚಾಲೂ ಮಾಡುತ್ತಾರೆ, ಆಗ ಎಣಿಕೆಯನ್ನು ಸೊನ್ನೆ ಮಾಡಿದರಾಯಿತು ಎಂದು ಆ ಸಾಲನ್ನು ಸ್ಟಾರ್ಟ್‌ಅಪ್ ಕೋಡಿನಲ್ಲಿ ಬರೆಯುವುದು ಯಾರಿಗಾದರೂ ಹೊಳೆಯುವ ದಾರಿ. ಪರೀಕ್ಷೆಯಲ್ಲಿ ಸರಿಯಾಗಿಯೇ ನಡೆಯುತ್ತದೆ. ಒಂದು ದಿನ ಹನ್ನೊಂದು ಗಂಟೆಗೆ ಮೆಮೊರಿ ಸಾಲದೆ ಪ್ರೋಸೆಸ್ ಬಿದ್ದು ತಾನಾಗಿ ಏಳುತ್ತದೆ. ಆಮೇಲೆ ಬಂದ ರೈತನ ಗೂಡಿಗೂ ಲಾಟ್ ಒಂದು. ಹಳೆಯ ಲಾಟ್ ಒಂದರ ತೂಕ ಆಗಿದೆ, ದುಡ್ಡು ಬಾಕಿ ಇದೆ. ಯಾರ ದುಡ್ಡು ಯಾರಿಗೆ?

ಇದೇ ತಂತ್ರಾಂಶವನ್ನು ಗುನಿಕಾರ್ನ್‌ನಂಥ ಸರ್ವರಿನಲ್ಲಿ ನಾಲ್ಕು ವರ್ಕರ್‌ಗಳೊಂದಿಗೆ ಓಡಿಸಿದರೆ ಪ್ರೋಸೆಸ್ ಬೀಳುವವರೆಗೂ ಕಾಯಬೇಕಿಲ್ಲ. ವರ್ಕರ್ ಎಂದರೆ ಪ್ರತ್ಯೇಕ ಪ್ರೋಸೆಸ್, ಪ್ರತಿಯೊಂದಕ್ಕೂ ತನ್ನದೇ ಮೆಮೊರಿ, ಹಾಗಾಗಿ ತನ್ನದೇ ಎಣಿಕೆ. ಮೊದಲ ದಿನವೇ ನಾಲ್ಕು ಲಾಟ್ ಒಂದುಗಳು. ಬರೆದವರ ಕಂಪ್ಯೂಟರಿನಲ್ಲಿ ವರ್ಕರ್ ಒಂದೇ ಆದ್ದರಿಂದ ಅಲ್ಲಿ ಇದು ಕಾಣಿಸಿಕೊಳ್ಳುವುದೇ ಇಲ್ಲ. ರೀಲರ್‌ಗಳಿಗೆ ಎಸ್ಸೆಮ್ಮೆಸ್ ಕಳಿಸುವ ಟೈಮರನ್ನು ಸ್ಟಾರ್ಟ್‌ಅಪ್‌ನಲ್ಲಿ ಎಬ್ಬಿಸಿದರೂ ಇದೇ ಪಾಡು: ನಾಲ್ಕು ವರ್ಕರ್, ನಾಲ್ಕು ಟೈಮರ್, ಒಬ್ಬೊಬ್ಬ ರೀಲರಿಗೂ ನಾಲ್ಕು ಎಸ್ಸೆಮ್ಮೆಸ್.

ಪರಿಹಾರ ಸ್ಟಾರ್ಟ್‌ಅಪ್ ಕೋಡನ್ನು ಇನ್ನಷ್ಟು ಜಾಣತನದಿಂದ ಬರೆಯುವುದಲ್ಲ. ಆ ಕೆಲಸವನ್ನು ಅಲ್ಲಿಂದ ಎತ್ತಿಬಿಡುವುದು. ಲಾಟ್ ನಂಬರ್ ಡೇಟಾಬೇಸಿನಲ್ಲಿ ಹುಟ್ಟಬೇಕು; ಮಾರುಕಟ್ಟೆ, ದಿನಾಂಕ, ನಂಬರ್ ಮೂರೂ ಸೇರಿ ಒಂದೇ ಸಲ ಬರಬಹುದೆಂಬ ಯೂನಿಕ್ ನಿರ್ಬಂಧ ಟೇಬಲ್ಲಿನ ಮೇಲಿರಬೇಕು. ಆಗ ಹೊಸ ದಿನಾಂಕ ಬಂದರೆ ಎಣಿಕೆ ತಾನಾಗಿ ಒಂದರಿಂದ ಶುರು, ಸರ್ವರ್ ಎಷ್ಟು ಸಲ ಬಿದ್ದೆದ್ದರೂ ಬಾಧೆಯಿಲ್ಲ. ದಿನಾಂಕದಲ್ಲೂ ಒಂದು ಕೊಕ್ಕೆ ಇದೆ. ಸರ್ವರ್‌ಗಳ ಗಡಿಯಾರವನ್ನು ಸಾಮಾನ್ಯವಾಗಿ ಯುಟಿಸಿಯಲ್ಲಿ ಇಡುತ್ತಾರೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಅದರ ನಡುರಾತ್ರಿ ನಮಗೆ ಬೆಳಗಿನ ಐದೂವರೆ. ಐದಕ್ಕೇ ಬಂದು ಗೂಡು ಸುರಿದ ರೈತನ ಲಾಟ್ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ. ಎಸ್ಸೆಮ್ಮೆಸ್ ಟೈಮರಿನಂಥವನ್ನು ವೆಬ್ ವರ್ಕರ್‌ಗಳಿಂದ ಹೊರಗೆ, ಕ್ರಾನ್‌ಗೋ ಒಂದೇ ಒಂದು ಪ್ರತ್ಯೇಕ ಪ್ರೋಸೆಸ್‌ಗೋ ವಹಿಸಬೇಕು.

ಫ್ರೇಮ್‌ವರ್ಕ್‌ಗಳ ನಡೆ

ಪೈಥಾನ್‌ನ ಜಾಂಗೋ 2005ರಿಂದ ಬಳಕೆಯಲ್ಲಿದ್ದರೂ ಸ್ಟಾರ್ಟ್‌ಅಪ್ ಕೋಡಿಗೆ ಅಧಿಕೃತ ಜಾಗ ದೊರೆತದ್ದು 2014ರ 1.7 ಆವೃತ್ತಿಯಲ್ಲಿ, ಆಪ್‌ಕಾನ್ಫಿಗ್‌ನ ರೆಡಿ ಎಂಬ ಮೆಥಡ್‌ನ ರೂಪದಲ್ಲಿ. ಅಲ್ಲಿಯವರೆಗೆ ಯುಆರ್‌ಎಲ್ ಕಡತದ ಮೇಲ್ಭಾಗದಲ್ಲಿ ಸಾಲುಗಳನ್ನು ತುರುಕುವುದು, ಒಂದು ಮಿಡಲ್‌ವೇರ್ ಬರೆದು ಕೆಲಸ ಮುಗಿದೊಡನೆ ‘ನಾನು ಬೇಡ’ ಎಂಬ ಎಕ್ಸೆಪ್ಶನ್ ಎಸೆದು ಅದನ್ನು ಕಿತ್ತುಹಾಕಿಸುವುದು ಮುಂತಾದ ಉಪಾಯಗಳಿದ್ದವು. ರೆಡಿ ಬಂದ ಮೇಲೂ ಹೊಸಬರು ಎಡವುವ ಎರಡು ಜಾಗಗಳಿವೆ. ಡೆವಲಪ್‌ಮೆಂಟಿಗೆ ಬಳಸುವ ರನ್‌ಸರ್ವರ್, ಕಡತ ಬದಲಾದೊಡನೆ ಮತ್ತೆ ಏಳುವುದಕ್ಕಾಗಿ ಕಾವಲಿಗೊಂದು, ಕೆಲಸಕ್ಕೊಂದು ಎಂದು ಎರಡು ಪ್ರೋಸೆಸ್ ಹುಟ್ಟಿಸುತ್ತದೆ, ಹಾಗಾಗಿ ರೆಡಿ ಎರಡು ಸಲ ನಡೆಯುತ್ತದೆ. ಎರಡನೆಯದು, ಮ್ಯಾನೇಜ್ ಡಾಟ್ ಪೈ ಮೂಲಕ ಕೊಡುವ ಆಜ್ಞೆಗಳಿಗೂ ರೆಡಿ ನಡೆಯುತ್ತದೆ. ಟೇಬಲ್‌ಗಳನ್ನು ಸೃಷ್ಟಿಸಬೇಕಾದ ಮೈಗ್ರೇಟ್ ಆಜ್ಞೆ ಕೊಟ್ಟರೆ, ಅದಕ್ಕೂ ಮೊದಲು ಓಡುವ ರೆಡಿ ಇನ್ನೂ ಹುಟ್ಟದ ಟೇಬಲ್ಲನ್ನು ಓದಲು ಹೋಗಿ ಮುಗ್ಗರಿಸುತ್ತದೆ. ರೆಡಿ ಒಳಗೆ ಡೇಟಾಬೇಸ್ ಮುಟ್ಟದಿರುವುದು ಒಳ್ಳೆಯದೆಂದು ಜಾಂಗೋದ ಕೈಪಿಡಿಯೇ ಹೇಳುತ್ತದೆ. ಸಿಗ್ನಲ್‌ಗಳನ್ನು ಜೋಡಿಸುವಂಥ, ಆ ಪ್ರೋಸೆಸ್‌ನೊಳಗೇ ಮುಗಿಯುವ ಕೆಲಸಕ್ಕೆ ಅದು ತಕ್ಕ ಜಾಗ.

ಫ್ಲಾಸ್ಕ್‌ನ ಕಥೆ ಬೇರೆ. ಅದರಲ್ಲಿದ್ದ ಬಿಫೋರ್ ಫಸ್ಟ್ ರಿಕ್ವೆಸ್ಟ್ ಎಂಬ ಸೌಲಭ್ಯ ಮೊದಲ ಕೋರಿಕೆ ಬಂದಾಗ ಕೆಲಸ ಮಾಡುತ್ತಿತ್ತು, ಅಂದರೆ ಪ್ರತಿ ವರ್ಕರಿನ ಮೊದಲ ಗಿರಾಕಿಯ ತಲೆಯ ಮೇಲೆ ಭಾರ. 2022ರ 2.2 ಆವೃತ್ತಿಯಲ್ಲಿ ಇದನ್ನು ಬಳಸಬೇಡಿರೆಂದರು, 2023ರ 2.3ರಲ್ಲಿ ತೆಗೆದೇ ಹಾಕಿದರು. ಒಳ್ಳೆಯದನ್ನೇ ಮಾಡಿದರು. ರೀಲಿಂಗ್ ಮಾಡುವವರು ಬೇಸಿನ್ ನೀರು ಕಾದ ಮೇಲೆ ಗೂಡು ಹಾಕುತ್ತಾರೆಯೇ ಹೊರತು, ಗೂಡು ಹಾಕಿ ಆಮೇಲೆ ಒಲೆ ಹಚ್ಚುವುದಿಲ್ಲ. ಫಾಸ್ಟ್‌ಎಪಿಐ ಈಗ ಸೂಚಿಸುವ ಲೈಫ್‌ಸ್ಪ್ಯಾನ್ ವಿಧಾನದಲ್ಲಿ ಏಳುವಾಗಿನ ಕೆಲಸವೂ ಮಲಗುವಾಗಿನ ಕೆಲಸವೂ ಒಂದೇ ಫಂಕ್ಷನ್‌ನಲ್ಲಿ ಇರುತ್ತವೆ. ತೆರೆದದ್ದನ್ನು ಮುಚ್ಚಲು ಮರೆಯುವುದು ಇದರಿಂದ ಕಡಿಮೆಯಾಗಿದೆ.

ರೂಬಿಯ ರೈಲ್ಸ್‌ನಲ್ಲಿ ಇನಿಶಿಯಲೈಜರ್ಸ್ ಎಂಬ ಫೋಲ್ಡರ್ ಇದೆ. ಅದರೊಳಗಿನ ಕಡತಗಳು ಹೆಸರಿನ ಅಕ್ಷರಕ್ರಮದಲ್ಲಿ ಓಡುತ್ತವೆ. ಒಂದು ಕಡತ ಇನ್ನೊಂದನ್ನು ನಂಬಿಕೊಂಡಿದ್ದರೆ ಹೆಸರಿನ ಮುಂದೆ 01, 02 ಹಾಕುವ ಪರಿಪಾಟ ಹಲವೆಡೆ ಬೆಳೆದಿದೆ. ಅಸಹ್ಯವಾದರೂ ನಡೆಯುತ್ತದೆ. ಸ್ಪ್ರಿಂಗ್‌ನಲ್ಲಿ ತೊಂದರೆ ಜಾಗ ಹೆಚ್ಚಾದದ್ದರಿಂದ: ಪೋಸ್ಟ್ ಕನ್‌ಸ್ಟ್ರಕ್ಟ್, ಕಾಂಟೆಕ್ಸ್ಟ್ ರಿಫ್ರೆಶ್ಡ್ ಈವೆಂಟ್, ಕಮಾಂಡ್‌ಲೈನ್ ರನ್ನರ್, ಅಪ್ಲಿಕೇಶನ್ ರೆಡಿ ಈವೆಂಟ್. ಇವುಗಳಲ್ಲಿ ಕಾಂಟೆಕ್ಸ್ಟ್ ರಿಫ್ರೆಶ್ಡ್, ಕಾಂಟೆಕ್ಸ್ಟ್‌ಗಳು ಒಂದರೊಳಗೊಂದು ಇದ್ದರೆ ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ. ನೋಡ್‌ನಲ್ಲಿ ಹುಕ್ ಬೇಕಾಗುವುದೇ ಕಡಿಮೆ. ಮಾಡ್ಯೂಲಿನ ಮೇಲ್ಮಟ್ಟದಲ್ಲಿ ಬರೆದದ್ದು ಮೊದಲ ಸಲ ಲೋಡ್ ಆದಾಗ ಓಡಿ, ಮುಂದೆ ಕ್ಯಾಶ್‌ನಿಂದ ಸಿಗುತ್ತದೆ.

ಪ್ರೀ-ಫೋರ್ಕ್ ಸರ್ವರ್‌ಗಳ ಬಗ್ಗೆ ಒಂದು ಮಾತು. ಗುನಿಕಾರ್ನ್, ಪ್ಯೂಮಾ ಮುಂತಾದವುಗಳಲ್ಲಿ ಪ್ರೀಲೋಡ್ ಎಂಬ ಆಯ್ಕೆ ಇದೆ. ತಾಯಿ ಪ್ರೋಸೆಸ್ ತಂತ್ರಾಂಶವನ್ನು ಒಂದು ಸಲ ಲೋಡ್ ಮಾಡಿ, ಆಮೇಲೆ ಕವಲೊಡೆದು ವರ್ಕರ್‌ಗಳಾಗುತ್ತದೆ. ಮೆಮೊರಿ ಉಳಿಯುತ್ತದೆ, ಸ್ಟಾರ್ಟ್‌ಅಪ್ ಕೋಡ್ ಒಂದೇ ಸಲ ನಡೆಯುತ್ತದೆ. ಆದರೆ ಕವಲೊಡೆಯುವ ಮುನ್ನ ಡೇಟಾಬೇಸ್ ಸಂಪರ್ಕ ತೆರೆದಿದ್ದರೆ ಅದೇ ಸಾಕೆಟ್ ಎಲ್ಲ ವರ್ಕರ್‌ಗಳಿಗೂ ಹಂಚಿಹೋಗಿ, ಒಬ್ಬ ಕೇಳಿದ್ದಕ್ಕೆ ಬಂದ ಉತ್ತರ ಇನ್ನೊಬ್ಬನ ಕೈಗೆ ಬೀಳುವ ಅಪಾಯವಿದೆ. ಸಂಪರ್ಕಗಳನ್ನು ಕವಲೊಡೆದ ನಂತರದ ಹುಕ್‌ನಲ್ಲೇ ತೆರೆಯಬೇಕು.

ಜಿಲ್ಲೆಯ ಹೆಸರು ಬದಲಾದಾಗ

ಸ್ಟಾರ್ಟ್‌ಅಪ್‌ನಲ್ಲಿ ತುಂಬುವ ಆರಂಭಿಕ ಮಾಹಿತಿಗೆ ಸೀಡ್ ಡೇಟಾ ಎನ್ನುತ್ತಾರೆ. ನಮ್ಮ ಕಲ್ಪಿತ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಗೂಡಿನ ತಳಿ ಇವುಗಳ ಪಟ್ಟಿ ಈ ಬಗೆಯದು. ಇಂಥ ಪಟ್ಟಿಗಳು ಬದಲಾಗುವುದಿಲ್ಲ ಎಂದುಕೊಳ್ಳುವುದಕ್ಕೆ ರಾಮನಗರವೇ ತಕ್ಕ ಉತ್ತರ. ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ಊರು ಇದು. 2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕು ತಾಲ್ಲೂಕುಗಳ ಜಿಲ್ಲೆಯಾಯಿತು. ಮುಂದೆ ಹಾರೋಹಳ್ಳಿ ಐದನೆಯ ತಾಲ್ಲೂಕಾಗಿ ಸೇರಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಜಿಲ್ಲಾ ಕೇಂದ್ರ ರಾಮನಗರವೇ ಉಳಿಯಿತು.

ಸೀಡ್ ಕೋಡ್ ಹೀಗಿದೆ ಎನ್ನೋಣ: ‘ರಾಮನಗರ ಎಂಬ ಹೆಸರಿನ ಜಿಲ್ಲೆ ಇದೆಯೇ ನೋಡು, ಇಲ್ಲದಿದ್ದರೆ ಸೇರಿಸು.’ ಎಷ್ಟು ಸಲ ಓಡಿಸಿದರೂ ಫಲ ಒಂದೇ, ಆದ್ದರಿಂದ ಕ್ಷೇಮ ಎಂದು ತೋರುತ್ತದೆ. ಸರ್ಕಾರದ ಆದೇಶ ಬಂದೊಡನೆ ಅಡ್ಮಿನ್ ಆ ಸಾಲಿನ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ತಿದ್ದುತ್ತಾರೆ. ಮುಂದಿನ ಸಲ ಸರ್ವರ್ ಎದ್ದಾಗ ಸ್ಟಾರ್ಟ್‌ಅಪ್ ಕೋಡ್ ರಾಮನಗರವನ್ನು ಹುಡುಕುತ್ತದೆ, ಕಾಣುವುದಿಲ್ಲ, ಹೊಸದಾಗಿ ಸೇರಿಸುತ್ತದೆ. ಈಗ ಪಟ್ಟಿಯಲ್ಲಿ ಎರಡು ಜಿಲ್ಲೆ. ಹಳೆಯ ರೈತರು ಒಂದರಲ್ಲಿ, ಹೊಸ ನೋಂದಣಿಗಳು ಇನ್ನೊಂದರಲ್ಲಿ. ಅಡ್ಮಿನ್ ಅಳಿಸುತ್ತಾರೆ, ಸರ್ವರ್ ಮತ್ತೆ ಎದ್ದಾಗ ಅದು ಮರಳಿ ಬರುತ್ತದೆ. ಮೇಲಾಗಿ ಬೆಂಗಳೂರು ದಕ್ಷಿಣ ಎಂಬ ಹೆಸರಿನ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಯಲ್ಲಿ ಮೊದಲೇ ಇದೆ, ಲೋಕಸಭಾ ಕ್ಷೇತ್ರವೂ ಇದೆ. ಹೆಸರನ್ನೇ ಗುರುತಾಗಿಟ್ಟುಕೊಂಡ ಹುಡುಕಾಟ ಇವುಗಳಲ್ಲಿ ಯಾವುದನ್ನು ಹಿಡಿದೀತೆಂದು ಹೇಳಲಾಗದು.

ಹೆಸರಿನ ಬದಲು ಬದಲಾಗದ ಸಂಕೇತಸಂಖ್ಯೆಯನ್ನು ಗುರುತಾಗಿ ಬಳಸಬೇಕು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನ್‌ಮೆಂಟ್ ಡೈರೆಕ್ಟರಿ ಜಿಲ್ಲೆ, ತಾಲ್ಲೂಕು, ಗ್ರಾಮಗಳಿಗೆ ಇಂಥ ಸಂಖ್ಯೆ ಕೊಟ್ಟಿದೆ. ಅದಕ್ಕಿಂತ ಮುಖ್ಯವಾದದ್ದು, ಇಂಥ ಮಾಹಿತಿಯನ್ನು ಪ್ರತಿ ಸಲ ಏಳುವಾಗ ಪರೀಕ್ಷಿಸುವ ಬದಲು ಮೈಗ್ರೇಶನ್ ಆಗಿ ಬರೆಯುವುದು. ಮೈಗ್ರೇಶನ್‌ಗಳಲ್ಲಿ ಯಾವುದು ಆಗಿದೆ, ಯಾವುದು ಬಾಕಿ ಎಂಬ ದಾಖಲೆ ಡೇಟಾಬೇಸಿನಲ್ಲೇ ಇರುತ್ತದೆ. ಒಮ್ಮೆ ಆದದ್ದು ಆಯಿತು, ಸರ್ವರ್ ನೂರು ಸಲ ಎದ್ದರೂ ಮತ್ತೆ ನಡೆಯುವುದಿಲ್ಲ. ಇಡೀ ವ್ಯವಸ್ಥೆಗೆ ಒಂದು ಸಲ ಎಂಬುದನ್ನು ನಿಜವಾಗಿ ನಡೆಸಿಕೊಡುವ ಸಾಧನ ಇದು. ಇನ್ನು ಪಟ್ಟಿಯನ್ನು ಏಳುವಾಗ ಮೆಮೊರಿಗೆ ತಂದಿಟ್ಟುಕೊಂಡಿದ್ದರೆ, ಡೇಟಾಬೇಸಿನಲ್ಲಿ ತಿದ್ದಿದ ಹೆಸರು ಸರ್ವರ್ ಮತ್ತೆ ಏಳುವವರೆಗೆ ತೆರೆಯ ಮೇಲೆ ಬಾರದು. ಕ್ಯಾಶ್‌ಗೆ ಒಂದು ಅವಧಿ ಇಟ್ಟರೆ ಸಾಕು.

ಬೀಗ ಮತ್ತು ಸರದಿ

ತಂತ್ರಾಂಶದ ಎರಡು ಮೂರು ಪ್ರತಿಗಳು ಬೇರೆಬೇರೆ ಯಂತ್ರಗಳಲ್ಲಿ ಒಟ್ಟಿಗೆ ಏಳುವುದು ಈಗ ಸಾಮಾನ್ಯ. ಎಲ್ಲವೂ ಒಂದೇ ಮೈಗ್ರೇಶನ್‌ಗೆ ಕೈ ಹಾಕಿದರೆ ಟೇಬಲ್ ಅರ್ಧ ಬದಲಾಗಿ ನಿಲ್ಲಬಹುದು. ಇದಕ್ಕೆ ಡೇಟಾಬೇಸಿನ ಬೀಗ ಬಳಸುತ್ತಾರೆ. ಪೋಸ್ಟ್‌ಗ್ರೆಸ್‌ನ ಅಡ್ವೈಸರಿ ಲಾಕ್ ಹಿಡಿದ ಸಂಪರ್ಕ ಕಡಿದರೆ ಬೀಗ ತಾನಾಗಿ ಬಿಡುತ್ತದೆ. ರೈಲ್ಸ್ 2016ರ 5.0 ಆವೃತ್ತಿಯಿಂದ ಮೈಗ್ರೇಶನ್‌ಗೆ ಇಂಥ ಬೀಗ ಹಾಕುತ್ತದೆ. ಲಿಕ್ವಿಬೇಸ್ ಬೀಗವನ್ನು ಒಂದು ಟೇಬಲ್ಲಿನ ಸಾಲಾಗಿ ಬರೆದಿಡುವುದರಿಂದ, ನಡುವೆ ಪ್ರೋಸೆಸ್ ಸತ್ತರೆ ಬೀಗ ಹಾಗೆಯೇ ಉಳಿದು ಮುಂದೆ ಯಾವ ಪ್ರತಿಯೂ ಏಳದೆ ಕೂರುವುದುಂಟು. ಆಗ ಕೈಯಾರೆ ತೆಗೆಯಬೇಕು. ಮೊದಲ ಅಡ್ಮಿನ್ ಖಾತೆಯಂಥ ಸಣ್ಣ ಕೆಲಸಕ್ಕೆ ಬೀಗವೂ ಬೇಡ, ಯೂನಿಕ್ ನಿರ್ಬಂಧದ ಜತೆ ಪೋಸ್ಟ್‌ಗ್ರೆಸ್ 9.5ರಿಂದ ಇರುವ ‘ಇದ್ದರೆ ಸುಮ್ಮನಿರು’ ಬಗೆಯ ಇನ್ಸರ್ಟ್ ಸಾಕು.

ಇವೆಲ್ಲಕ್ಕಿಂತ ಸರಳವಾದ ದಾರಿ ಮೈಗ್ರೇಶನ್ನನ್ನು ಸ್ಟಾರ್ಟ್‌ಅಪ್‌ನಿಂದಲೇ ಹೊರಗಿಡುವುದು. ಹೊಸ ಆವೃತ್ತಿ ಹಾಕುವಾಗ ಮೊದಲು ಮೈಗ್ರೇಶನ್ ಒಂದು ಪ್ರತ್ಯೇಕ ಹೆಜ್ಜೆಯಾಗಿ ಮುಗಿಯಲಿ, ಆಮೇಲೆ ಸರ್ವರ್‌ಗಳು ಏಳಲಿ. ಹೆರೋಕು ಸಂಸ್ಥೆಯ ಆಡಮ್ ವಿಗಿನ್ಸ್ 2011ರಲ್ಲಿ ಬರೆದ ಹನ್ನೆರಡು ಸೂತ್ರಗಳಲ್ಲಿ ಕೊನೆಯದು ಇಂಥ ಆಡಳಿತದ ಕೆಲಸಗಳನ್ನು ಒಂದು ಸಲದ ಪ್ರತ್ಯೇಕ ಪ್ರೋಸೆಸ್‌ಗಳಾಗಿ ನಡೆಸುವುದನ್ನು ಕುರಿತದ್ದು. ಹಲವು ಯಂತ್ರಗಳಲ್ಲಿ ಪ್ರತಿಗಳನ್ನು ಎಬ್ಬಿಸಿ ನೋಡಿಕೊಳ್ಳುವ ಕುಬರ್ನೆಟೀಸ್‌ನಲ್ಲಿ ಇದಕ್ಕೆ ಜಾಬ್ ಇದೆ. ಇನಿಟ್ ಕಂಟೇನರ್ ಬಳಸುವವರೂ ಇದ್ದಾರೆ, ಆದರೆ ಅದು ಪ್ರತಿ ಪಾಡ್‌ಗೂ, ಅಂದರೆ ತಂತ್ರಾಂಶದ ಒಂದೊಂದು ಪ್ರತಿಗೂ, ಒಂದೊಂದು ಸಲ ಓಡುತ್ತದೆ ಎಂಬುದನ್ನು ಮರೆಯಬಾರದು.

ಏಳಲಾಗದಿದ್ದರೆ

ಸ್ಟಾರ್ಟ್‌ಅಪ್‌ನಲ್ಲಿ ಏನಾದರೂ ಕೆಟ್ಟರೆ ಸರ್ವರ್ ಏಳಬೇಕೇ, ಬೇಡವೇ? ಡೇಟಾಬೇಸಿನ ಪಾಸ್‌ವರ್ಡ್ ಇಲ್ಲ, ಸೆಟ್ಟಿಂಗ್ಸ್ ತಪ್ಪಿದೆ ಎಂದಾದರೆ ಏಳದೆ, ಕಾರಣವನ್ನು ಲಾಗ್‌ನಲ್ಲಿ ಸ್ಪಷ್ಟವಾಗಿ ಬರೆದು ನಿಲ್ಲುವುದೇ ಸರಿ. ಅರೆಬರೆ ಎದ್ದು ಹರಾಜಿನ ನಡುವೆ ಕೈಕೊಡುವುದಕ್ಕಿಂತ ಬೆಳಗಿನ ಜಾವವೇ ಗೊತ್ತಾಗಲಿ. ಎಸ್ಸೆಮ್ಮೆಸ್ ಕಳಿಸುವ ಕಂಪನಿಯ ಸರ್ವರ್ ಸಿಗುತ್ತಿಲ್ಲ ಎಂಬ ಕಾರಣಕ್ಕೆ ಹರಾಜು ನಿಲ್ಲಬಾರದು. ಎಸ್ಸೆಮ್ಮೆಸ್ ಇಲ್ಲದೆಯೂ ಗೂಡು ಮಾರಬಹುದು. ಹೊರಗಿನ ಸೇವೆಗಳನ್ನೆಲ್ಲ ಸ್ಟಾರ್ಟ್‌ಅಪ್‌ನಲ್ಲಿ ಕಡ್ಡಾಯವಾಗಿ ಪರೀಕ್ಷಿಸುವ ಅಭ್ಯಾಸ ಜಾಗರೂಕತೆಯಂತೆ ಕಂಡರೂ ಇನ್ನೊಬ್ಬರ ತೊಂದರೆಯನ್ನು ಕರೆದು ಮನೆಯೊಳಗೆ ಕೂರಿಸಿಕೊಂಡಂತೆ.

ಏಳಲು ತಡವಾದರೂ ಅಪಾಯ. ಕುಬರ್ನೆಟೀಸ್‌ನ ಲೈವ್‌ನೆಸ್ ಪರೀಕ್ಷೆಗೆ ಹೊತ್ತಿಗೆ ಸರಿಯಾಗಿ ಉತ್ತರ ಬಾರದಿದ್ದರೆ ಅದು ಪ್ರೋಸೆಸ್ಸನ್ನು ಕೊಂದು ಮತ್ತೆ ಎಬ್ಬಿಸುತ್ತದೆ. ಮತ್ತೆ ಅದೇ ತಡ, ಮತ್ತೆ ಅದೇ ಸಾವು. ನಿಧಾನವಾಗಿ ಏಳುವ ತಂತ್ರಾಂಶಗಳಿಗೆಂದೇ ಸ್ಟಾರ್ಟ್‌ಅಪ್ ಪ್ರೋಬ್ ಎಂಬುದನ್ನು ಸೇರಿಸಿದರು, 2020ರ ಕೊನೆಯಲ್ಲಿ 1.20 ಆವೃತ್ತಿಯೊಂದಿಗೆ ಅದು ಸ್ಥಿರವಾಯಿತು. ಅಮೆಜಾನ್ ಲ್ಯಾಂಬ್ಡಾದಂಥ ಸರ್ವರ್‌ಲೆಸ್ ಸೇವೆಗಳಲ್ಲಿ ಎದ್ದೇಳುವ ಈ ತಡಕ್ಕೆ ಕೋಲ್ಡ್ ಸ್ಟಾರ್ಟ್ ಎನ್ನುತ್ತಾರೆ. ಅದನ್ನು ತಗ್ಗಿಸಲು 2022ರಲ್ಲಿ ಬಂದ ಸ್ನ್ಯಾಪ್‌ಸ್ಟಾರ್ಟ್, ಎದ್ದು ಸಿದ್ಧವಾದ ಮೆಮೊರಿಯ ಪಡಿಯಚ್ಚು ತೆಗೆದಿಟ್ಟು ಮುಂದೆ ಅದರಿಂದಲೇ ಪ್ರತಿಗಳನ್ನು ಎಬ್ಬಿಸುತ್ತದೆ. ಏಳುವಾಗ ಹುಟ್ಟಿಸಿಟ್ಟುಕೊಂಡ ಯಾದೃಚ್ಛಿಕ ಸಂಖ್ಯೆ, ಗುಪ್ತ ಕೀಲಿಗಳು ಹೀಗಾದಾಗ ಎಲ್ಲ ಪ್ರತಿಗಳಲ್ಲೂ ಒಂದೇ ಆಗಿಬಿಡುತ್ತವೆ. ಒಂದು ಸಲ ನಡೆದದ್ದು ಬೇಕಾದ್ದಕ್ಕಿಂತ ಕಡಿಮೆಯಾಯಿತೆಂಬ ದೂರು ಬರುವ ಅಪರೂಪದ ಸಂದರ್ಭ ಇದು.

ಪರೀಕ್ಷೆ

ಸ್ಟಾರ್ಟ್‌ಅಪ್ ಕೋಡನ್ನು ಪರೀಕ್ಷಿಸುವವರು ಕಡಿಮೆ. ಸರ್ವರ್ ಎದ್ದಿತಲ್ಲ, ಸಾಕು ಎಂದು ಮುಂದೆ ಹೋಗುತ್ತಾರೆ. ಬಳಕೆಗೆ ಬಿಡುವ ಮುನ್ನ ಇಷ್ಟನ್ನಾದರೂ ಮಾಡಿ: ಖಾಲಿ ಡೇಟಾಬೇಸಿನ ಮೇಲೆ ಒಮ್ಮೆ ಎಬ್ಬಿಸಿ, ಎರಡು ಪ್ರತಿಗಳನ್ನು ಒಂದೇ ಗಳಿಗೆಗೆ ಎಬ್ಬಿಸಿ, ನಾಲ್ಕು ವರ್ಕರ್ ಕೊಡಿ, ಸುಳ್ಳು ಹರಾಜೊಂದನ್ನು ನಡೆಸಿ, ನಡುವೆ ಪ್ರೋಸೆಸ್ಸನ್ನು ಕೊಂದು ಮತ್ತೆ ಎಬ್ಬಿಸಿ, ಆಮೇಲೆ ಲಾಟ್ ನಂಬರ್‌ಗಳನ್ನೂ ಜಿಲ್ಲೆಗಳ ಪಟ್ಟಿಯನ್ನೂ ಕಣ್ಣಿಟ್ಟು ನೋಡಿ.